ಕ್ಯಾಮೆರಾ ಬೇಡ ಅಂದವರಿಗೂ ನನ್ನ ನಮಸ್ಕಾರ

ಶರಾವತಿ ಮುಳುಗಡೆಯ ಊರುಗಳ ಬಗ್ಗೆ ನಾನು ಮಾಡಿದ ಸಾಕ್ಷ್ಯಚಿತ್ರದ ಮೊದಲ ಪ್ರದರ್ಶನ ಸಾಗರದಲ್ಲಿ ಆಯಿತು. ಅದರ ಜೊತೆಗೇ, ಮೂವತ್ತು ವರ್ಷದಿಂದ ಬಿಡಿಸುತ್ತ ಬಂದ ನನ್ನ ಚಿತ್ರಗಳನ್ನೂ ಗೋಡೆಗೆ ಹಾಕಿದ್ದೆವು. ಆಮೇಲೆ ಹಿನ್ನೀರಿನಾಚೆಯ ತುಮರಿಯಲ್ಲಿ ಒಂದು ಸಂಜೆ ಬಯಲಲ್ಲೇ ಪರದೆ ಕಟ್ಟಿ ಸಿನಿಮಾ ತೋರಿಸಿದೆವು. ಎರಡೂ ಕಡೆ ನನ್ನನ್ನು ವೇದಿಕೆಗೆ ಕರೆದರು. ಎರಡೂ ಕಡೆ ಗಂಟಲು ಕಟ್ಟಿತು, ನಾಲ್ಕು ಮಾತಿಗಿಂತ ಹೆಚ್ಚು ಆಡಲಾಗಲಿಲ್ಲ. ಅಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದ್ದವಾದೀತು, ಪುರುಸೊತ್ತು ಮಾಡಿಕೊಂಡು ಓದಿ.

ಈ ಕೆಲಸದಲ್ಲಿ ಜೊತೆಗಿದ್ದ ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ. "ನಮ್ಮ ಹೆಸರೆಲ್ಲ ಹಾಕಬೇಡ" ಎಂದು ಹಲವರು ಮೊದಲೇ ಹೇಳಿದ್ದಾರೆ. ಕೆಲವರದನ್ನು ಹಾಕಿ ಕೆಲವರದನ್ನು ಬಿಡುವುದು ನನಗೆ ಸರಿ ಕಾಣಲಿಲ್ಲ. ಓದುವಾಗ ಇದು ನಾನೇ ಎಂದು ನಿಮಗೆ ತಿಳಿಯುತ್ತದೆ.

ಮೊದಲ ನಮಸ್ಕಾರ ಹಿನ್ನೀರಿನವರಿಗೆ. ಹೊರಗಿನಿಂದ ಬರುವವರಿಗೆ ಲಿಂಗನಮಕ್ಕಿ ಎಂದರೆ ಜೋಗಕ್ಕೆ ಹೋಗುವ ದಾರಿಯಲ್ಲಿ ಸಿಗುವ, ಶರಾವತಿಗೆ ಕಟ್ಟಿದ ಒಂದು ಅಣೆಕಟ್ಟು. ನಮ್ಮ ಅಮ್ಮನಿಗೆ ಅದು ತವರುಮನೆಯ ಮೇಲೆ ನಿಂತ ನೀರು. 1964ರಲ್ಲಿ ಅಣೆಕಟ್ಟು ಮುಗಿದು, ಸಮುದ್ರಮಟ್ಟದಿಂದ 1,819 ಅಡಿಯ ಎತ್ತರಕ್ಕೆ ನೀರು ನಿಲ್ಲಿಸಲು ಹೊರಟಾಗ 300 ಚದರ ಕಿಲೋಮೀಟರಿಗೂ ಹೆಚ್ಚು ನೆಲ ಮುಳುಗಿತು. ಗದ್ದೆ, ತೋಟ, ಬೆಟ್ಟ, ದೇವರ ಬನ, ಸಂತೆಗೆ ಹೋಗುತ್ತಿದ್ದ ದಾರಿ ಎಲ್ಲವೂ. ಕೆಲವು ಮನೆಯವರಿಗಂತೂ ಇದು ಎರಡನೇ ಸಲ. 1948ರಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಆದಾಗ ಒಮ್ಮೆ ಎದ್ದು, ಮೇಲಕ್ಕೆ ಬಂದು ಮನೆ ಕಟ್ಟಿಕೊಂಡಿದ್ದರು. ಹದಿನಾರು ವರ್ಷಕ್ಕೆ ಆ ಅಣೆಕಟ್ಟೇ ಹೊಸ ನೀರಿನಡಿಗೆ ಹೋಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಎದ್ದು ಕಾಣುತ್ತದೆ, ಜನ ಹೋಗಿ ಫೋಟೋ ತೆಗೆದುಕೊಳ್ಳುತ್ತಾರೆ. ಅಲ್ಲಿ ಗದ್ದೆ ಮಾಡಿದ್ದವರು ಯಾರೂ ಫೋಟೋ ತೆಗೆಸಿಕೊಂಡದ್ದನ್ನು ನಾನು ಕಂಡಿಲ್ಲ.

ಶರಾವತಿ ವಿದ್ಯುದಾಗಾರದಿಂದ 1,035 ಮೆಗಾವ್ಯಾಟ್ ಕರೆಂಟು ಹೊರಡುತ್ತದೆ. ಈ ನಾಡಿನ ಎಷ್ಟೋ ಮನೆಯ ದೀಪ ಅದರಿಂದ ಉರಿದಿದೆ. ಅದಕ್ಕಾಗಿ ಎದ್ದುಹೋದವರಲ್ಲಿ ಎಷ್ಟೋ ಮಂದಿಗೆ ಇವತ್ತಿಗೂ ತಾವು ಉಳುವ ನೆಲದ ಹಕ್ಕುಪತ್ರ ಕೈಗೆ ಬಂದಿಲ್ಲ. ಮೂರನೇ ತಲೆಮಾರಿನ ಮಕ್ಕಳು ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಅಷ್ಟು ಸಲ ಕಥೆ ಹೇಳಿ ಹೇಳಿ ಸೋತವರು ಮತ್ತೆ ನನಗೂ ಹೇಳಿದಿರಲ್ಲ, ಅದಕ್ಕೆ ನಮಸ್ಕಾರ. ನನ್ನ ಕೈಯಲ್ಲಿ ಕೊಡುವಂಥದ್ದು ಏನೂ ಇಲ್ಲ ಎಂದು ಮೊದಲೇ ಹೇಳಿದ್ದೆ. ಆದರೂ ಚಾಪೆ ಹಾಸಿದಿರಿ, ಬೆಲ್ಲ ನೀರು ಕೊಟ್ಟಿರಿ.

ಇನ್ನು ಕ್ಯಾಮೆರಾ ಬೇಡ ಅಂದವರು. ನಾನು ಹೆಚ್ಚು ಹೇಳಬೇಕಾಗಿರುವುದು ಇವರ ಬಗ್ಗೆಯೇ.

ಸಾಕ್ಷ್ಯಚಿತ್ರ ಮಾಡುವವರು ಸಾಮಾನ್ಯವಾಗಿ ಒಪ್ಪಿದವರಿಗೆ ಧನ್ಯವಾದ ಹೇಳುತ್ತಾರೆ. ಒಪ್ಪದವರು ಸಿನಿಮಾದಲ್ಲಿ ಎಲ್ಲೂ ಇರುವುದಿಲ್ಲ. ಹಿನ್ನೀರು ದಾಟಲು ಲಾಂಚು ಹತ್ತುವ ಹೊಳೆಬಾಗಿಲ ಆಚೆಯ ಒಂದು ಊರಿನಲ್ಲಿ ಒಬ್ಬರು ಹಿರಿಯರು ಮಧ್ಯಾಹ್ನವಿಡೀ ಮಾತಾಡಿದರು, ಕ್ಯಾಮೆರಾ ಮಾತ್ರ ಚೀಲದಿಂದ ತೆಗೆಯಲು ಬಿಡಲಿಲ್ಲ. ಹಿಂದೆ ಯಾರೋ ಬಂದು ಫೋಟೋ ಹೊಡೆದು, ಸಹಿ ಹಾಕಿಸಿಕೊಂಡು ಹೋಗಿದ್ದರಂತೆ. ಆ ಕಾಗದ ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ. "ನಿನ್ನ ಮೇಲೆ ಸಿಟ್ಟಿಲ್ಲ ತಂಗಿ. ಆದರೆ ನನ್ನ ಮುಖ ಇನ್ನೊಂದು ಸಲ ಕೊಡೂದಿಲ್ಲ" ಅಂದರು. ಹಾಗೆಂದವರೇ ಒಂದು ಕಡ್ಡಿ ತೆಗೆದುಕೊಂಡು ಅಂಗಳದ ಮಣ್ಣಲ್ಲಿ ತಮ್ಮ ಮುಳುಗಿದ ಮನೆಯನ್ನು ಬರೆದು ತೋರಿಸಿದರು. ಇದು ಹೆಬ್ಬಾಗಿಲು, ಇದು ಜಗಲಿ, ಇಲ್ಲಿ ಭತ್ತದ ಕಣಜ, ಇಲ್ಲಿ ಅಪ್ಪ ಮಲಗುತ್ತಿದ್ದದ್ದು. ನಾನು ಮನೆಗೆ ಬಂದು ನೆನಪಿನಿಂದಲೇ ಅದನ್ನು ಕೆಮ್ಮಣ್ಣಿನ ನೆಲದ ಮೇಲೆ ದೊಡ್ಡದಾಗಿ ಬಿಡಿಸಿದೆ. ಮುಂದಿನ ಸಲ ಹೋಗುವಾಗ ಸುತ್ತಿಕೊಂಡು ಹೋಗಿ ಅವರೆದುರು ಬಿಚ್ಚಿದೆ. ತುಂಬ ಹೊತ್ತು ನೋಡಿ, "ಬಾವಿ ಅಲ್ಲಲ್ಲ ಮಾರಾಯ್ತಿ, ಕೊಟ್ಟಿಗೆ ಹಿಂದೆ" ಅಂದರು. ಬಾವಿಯನ್ನು ಕೊಟ್ಟಿಗೆಯ ಹಿಂದಕ್ಕೆ ತಂದೆ. ಸಾಗರದಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತು ನೋಡಿದ್ದು ಆ ಚಿತ್ರವನ್ನೇ.

ಹಾಗೆ ಬೇಡ ಅಂದ ಮನೆಗಳಿಂದಲೇ ನನ್ನ ಚಿತ್ರಗಳ ಒಂದು ಇಡೀ ಸಾಲು ಹುಟ್ಟಿದೆ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ ಎಂದು ಬೇಡ ಅಂದವರು, ಮಗನಿಗೆ ಇಷ್ಟವಿಲ್ಲ ಎಂದವರು, ಕಾರಣವನ್ನೇ ಹೇಳದೆ ತಲೆಯಾಡಿಸಿದವರು, ನಿಮಗೆಲ್ಲ ನಮಸ್ಕಾರ. ಕ್ಯಾಮೆರಾ ಇದ್ದರೆ ನಾನು ಚೌಕಟ್ಟು ನೋಡುತ್ತ ಕೂರುತ್ತೇನೆ, ಬೆಳಕು ಹೋಗುತ್ತಿದೆಯಾ ಎಂದು ಚಡಪಡಿಸುತ್ತೇನೆ. ಅದು ಇಲ್ಲದಿದ್ದಾಗ ನಿಮ್ಮ ಕೈ ಹೇಗೆ ಆಡುತ್ತದೆ, ಯಾವ ಊರಿನ ಹೆಸರು ಬಂದಾಗ ದನಿ ತಗ್ಗುತ್ತದೆ ಎಂದು ಪೂರಾ ಕಿವಿಗೊಟ್ಟು ಕೂರಬೇಕಾಯಿತು. ನನ್ನನ್ನು ಮತ್ತೆ ಬಣ್ಣಕ್ಕೆ ಕಳಿಸಿದವರು ನೀವು.

ಬಣ್ಣ ಎಂದ ಮೇಲೆ ದೊಡ್ಡಮ್ಮನ ಮಾತು ಬರಲೇಬೇಕು. ರಕ್ತಸಂಬಂಧದ ದೊಡ್ಡಮ್ಮ ಅಲ್ಲ, ನಮ್ಮೂರಿನ ದೀವರು ಎಂಬ ಸಮುದಾಯದ ಕೇರಿಯಲ್ಲಿ ಮದುವೆಗೆ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಿದ್ದ ದೊಡ್ಡಮ್ಮ. ನಾನು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು ಬಂದವಳು. ಅಲ್ಲಿನ ಗುರುಗಳಿಗೂ ನನ್ನ ನಮಸ್ಕಾರ ಸಲ್ಲುತ್ತದೆ. ದೇಹದ ಅಳತೆ, ನೆರಳು ಬೆಳಕು, ತೈಲವರ್ಣ ಎಲ್ಲ ಅವರಿಂದ ಬಂದದ್ದು. ಆದರೆ ಗೆರೆಗೆ ಬೇಕಾದ ತಾಳ್ಮೆ ಇವರಿಂದ ಬಂತು. ಮದುವೆಮನೆಯ ಗೋಡೆಗೆ ಕೆಮ್ಮಣ್ಣು ಬಳಿದು ಆರಲು ಬಿಡುತ್ತಾರೆ. ನೆನೆಸಿದ ಅಕ್ಕಿ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕರಿಕಾಗುವವರೆಗೆ ಹುರಿದು ಅರೆದರೆ ಕಪ್ಪು. ಗುರುಗೆ ಕಾಯಿಯಿಂದ ಹಳದಿ. ಪುಂಡಿ ನಾರಿನ ಕುಂಚ. ಇಷ್ಟೇ ಸಾಮಾನು. ಅದರಲ್ಲಿ ದೊಡ್ಡಮ್ಮ ಎಳೆಗೆ ಎಳೆ ಕೂರಿಸುತ್ತ, ಹಾಡುತ್ತ, ನಡುವೆ ಮೊಮ್ಮಗಳನ್ನು ಗದರುತ್ತ, ಒಂದು ಅಳತೆಪಟ್ಟಿಯ ಸಹಾಯವಿಲ್ಲದೆ ಇಡೀ ಗೋಡೆ ತುಂಬಿಸುತ್ತಿದ್ದರು. ಕೆಳಗೆ ಹಸೆಯ ಮೇಲೆ ಮದುಮಕ್ಕಳು ಕೂರಬೇಕು, ಹಾಗಾಗಿ ಎಳೆ ಕಡಿಯಬಾರದು ಎಂಬುದೊಂದೇ ಅವರ ನಿಯಮ.

ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೆಳೆ ತುಂಬಿ ನಿಂತ ಗದ್ದೆಗೆ ಬಸುರಿಯ ಬಯಕೆ ತೀರಿಸುವ ಹಬ್ಬ ಅದು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದು, ರಾತ್ರಿಯೆಲ್ಲ ಮಾಡಿದ ಅಡುಗೆ ತುಂಬಿಕೊಂಡು ಬೆಳಕು ಹರಿಯುವ ಮೊದಲೇ ಗದ್ದೆಗೆ ಹೋಗುತ್ತಾರೆ. ಆ ಬುಟ್ಟಿಯನ್ನು ಚಿತ್ರವೆಂದು ಗೋಡೆಗೆ ತೂಗುಹಾಕುವವರನ್ನು ಕಂಡರೆ ನನಗೆ ಈಗಲೂ ಮನಸ್ಸಿಗೆ ಹಿಡಿಸುವುದಿಲ್ಲ. ಅದು ಹೊಲಕ್ಕೆ ಹೋಗಬೇಕಾದದ್ದು. ದೊಡ್ಡಮ್ಮ ಈಗ ಇಲ್ಲ. ಅವರ ಸೊಸೆ, ಮೊಮ್ಮಗಳು ಇಬ್ಬರೂ ಸಾಗರದ ಪ್ರದರ್ಶನಕ್ಕೆ ಬಂದು ಬಾಗಿಲ ಪಕ್ಕದ ಗೋಡೆಯ ಮೇಲೆ ತಾವೇ ಹಸೆ ಬರೆದುಕೊಟ್ಟರು. ಅದಕ್ಕೆ ಅವರು ದುಡ್ಡು ಮುಟ್ಟಲಿಲ್ಲ. ಕುಪ್ಪಸದ ಕಣ ಕೊಟ್ಟಾಗ ಮಾತ್ರ ತೆಗೆದುಕೊಂಡರು.

ಮನೆಯವರ ವಿಷಯ ಹೆಚ್ಚು ಬರೆಯುವುದಿಲ್ಲ. ಹೆಣ್ಣು ಹುಡುಗಿಯನ್ನು ಚಿತ್ರ ಬಿಡಿಸಲು ಬೆಂಗಳೂರಿಗೆ ಕಳಿಸುತ್ತೀಯಾ ಎಂದು ನೆಂಟರು ಕೇಳಿದಾಗ ಅಪ್ಪ ಆ ವರ್ಷದ ಅಡಿಕೆ ಮಾರಿ ಬಂದ ದುಡ್ಡನ್ನು ನನ್ನ ಕೈಗೇ ಕೊಟ್ಟ, ಮಾತಾಡಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಕ್ಯಾನ್ವಾಸಿಗೂ ಲೆನ್ಸಿಗೂ ಬೂಷ್ಟು ಹಿಡಿಯದಂತೆ ಕಾದವರು ನನ್ನ ಅತ್ತೆ. ಬಟ್ಟೆಯ ಕಪಾಟಿನಲ್ಲಿ ಒಂದು ಬಲ್ಬು ಉರಿಸಿಟ್ಟು ಅದರೊಳಗೆ ಕ್ಯಾಮೆರಾ, ಚಿತ್ರಗಳನ್ನು ಅಡಿಗೆಮನೆಯ ಅಟ್ಟದ ಬೆಚ್ಚಗಿನ ಜಾಗದಲ್ಲಿ. ಕೆಲವು ಹಳೆಯ ಚಿತ್ರಗಳಿಗೆ ಇರುವ ಹೊಗೆಯ ಬಣ್ಣವನ್ನು ಶುಚಿ ಮಾಡಿಸಿ ಎಂದು ನೋಡಿದವರು ಹೇಳಿದರು. ಮಾಡಿಸುವುದಿಲ್ಲ.

ಸಿನಿಮಾ ನನಗೆ ಹತ್ತಿರವಾದದ್ದು ಹೆಗ್ಗೋಡಿನಿಂದ. 1949ರಲ್ಲಿ ಶುರುವಾದ ನೀನಾಸಂ ನಾಟಕಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲೇ ಚಿತ್ರಸಮಾಜ ಕಟ್ಟಿದರು. ಅಡಿಕೆ ಸುಲಿದು ಬಂದ ಕೈಗಳು ಜಗತ್ತಿನ ದೊಡ್ಡ ದೊಡ್ಡ ನಿರ್ದೇಶಕರ ಸಿನಿಮಾಗಳನ್ನು ಕೂತು ನೋಡುವುದು, ಆಮೇಲೆ ಅದರ ಬಗ್ಗೆ ವಾದ ಮಾಡುವುದು ನಮ್ಮ ಸೀಮೆಯಲ್ಲಿ ಸಹಜ ಸಂಗತಿಯಾಗಿತ್ತು. ಹಳ್ಳಿಯವರಿಗೆ ಇದು ಅರ್ಥವಾಗುತ್ತದೆಯೇ ಎಂಬ ಪ್ರಶ್ನೆಯನ್ನು ನಾನು ಮೊದಲ ಸಲ ಕೇಳಿದ್ದು ಪಟ್ಟಣದಲ್ಲಿ. ಇನ್ನೊಬ್ಬರನ್ನು ನಾನು ಹತ್ತಿರದಿಂದ ಬಲ್ಲವಳಲ್ಲ, ಆದರೂ ನೆನೆಯಬೇಕು: ಸಾಕ್ಷ್ಯಚಿತ್ರ ನಿರ್ದೇಶಕಿ ದೀಪಾ ಧನರಾಜ್. 80ರ ದಶಕದ ಮೊದಲಲ್ಲೇ ಅವರು ಗೆಳತಿಯರೊಂದಿಗೆ ಯುಗಾಂತರ್ ಎಂಬ ಬಳಗ ಕಟ್ಟಿ, ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರ ಜೊತೆ ಕೂತು ಅವರ ಹೋರಾಟವನ್ನು ಚಿತ್ರಿಸಿದರು. ಕ್ಯಾಮೆರಾ ಗಂಡಸರ ಸಾಮಾನು ಎಂದು ನನಗೆ ಯಾರಾದರೂ ಹೇಳಿದಾಗಲೆಲ್ಲ ಆ ಕೆಲಸ ಆಗಲೇ ಆಗಿಹೋಗಿದೆ ಎಂಬುದು ನನಗೆ ಬಲ ಕೊಟ್ಟಿದೆ.

ಕ್ಯಾಮೆರಾ ಮಾತ್ರ ನನ್ನಲ್ಲಿ ಇರಲಿಲ್ಲ. ಅದನ್ನು ಕೊಟ್ಟವರು ಸಾಗರದ ಒಬ್ಬ ಮದುವೆ ವಿಡಿಯೋ ಸ್ಟುಡಿಯೋದ ಅಣ್ಣ. ಅವರ ಮಿನಿ ಡಿವಿ ಕ್ಯಾಮೆರಾ ಮುಹೂರ್ತ ಇರುವ ತಿಂಗಳಲ್ಲೆಲ್ಲ ದುಡಿಯುತ್ತಿತ್ತು. ಆಷಾಢದಲ್ಲಿ ಮದುವೆ ಇಲ್ಲ. "ಆಷಾಢ ಪೂರ್ತಿ ಇಟ್ಕೊಳ್ಳಿ ಅಕ್ಕ, ನೆನೆಸಬೇಡಿ ಅಷ್ಟೇ" ಎಂದು ಕೊಟ್ಟರು. ಒಂದು ಟೇಪಿಗೆ ಒಂದು ಗಂಟೆ. ಹಾಗಾಗಿಯೇ ನನ್ನ ಮೊದಮೊದಲ ಚಿತ್ರೀಕರಣವೆಲ್ಲ ಜಡಿಮಳೆಯಲ್ಲಿ. ತಗಡಿನ ಸೂರಿನ ಮೇಲೆ ಮಳೆ ಬಿದ್ದರೆ ಎದುರಿಗಿರುವವರ ಮಾತು ಒಂದಕ್ಷರ ಮೈಕಿಗೆ ಸಿಗುವುದಿಲ್ಲ. ಮಳೆ ಹೊಳವಾಗುವ ತನಕ ಕಾಯಬೇಕು, ಅಷ್ಟರಲ್ಲಿ ಹೇಳುವವರಿಗೆ ಕೊಟ್ಟಿಗೆಯ ಕೆಲಸ ಬಂದಿರುತ್ತದೆ. ಆ ಕಾಯುವಿಕೆಯಲ್ಲಿ ನಾನು ಅವರೊಂದಿಗೆ ಅಡಿಕೆ ಸುಲಿದಿದ್ದೇನೆ, ಕಳಲೆ ಹೆಚ್ಚಿದ್ದೇನೆ, ಇಂಬಳ ಕಿತ್ತುಕೊಂಡಿದ್ದೇನೆ. ಈಗ ತೆರೆಯ ಮೇಲೆ ನೋಡಿದವರು ಮಳೆಯನ್ನು ಎಷ್ಟು ಯೋಚಿಸಿ ಬಳಸಿದ್ದೀರಿ ಅನ್ನುತ್ತಾರೆ. ಆ ಮೆಚ್ಚುಗೆ ಸ್ಟುಡಿಯೋದ ಅಣ್ಣನಿಗೆ ಸಲ್ಲಬೇಕು.

ದುಡ್ಡಿಗೆ ನಿರ್ಮಾಪಕರು ಅಂತ ಯಾರೂ ಇರಲಿಲ್ಲ. ಚಿತ್ರ ಕೊಂಡವರಿದ್ದರು, ಕೈಗಡ ಕೊಟ್ಟು ಕೇಳದವರಿದ್ದರು. ನಮ್ಮ ಓಣಿಯ ಸ್ವಸಹಾಯ ಸಂಘದ ಅಕ್ಕಂದಿರು ಹೊಸ ಹಾರ್ಡ್ ಡಿಸ್ಕುಗಳಿಗೆ ಸಾಲ ಮಂಜೂರು ಮಾಡಿದಾಗ ಕಾರಣದ ಕಾಲಂನಲ್ಲಿ "ಹಳೇ ಊರು ಉಳಿಸಲು" ಎಂದು ಬರೆದರು. ಆ ಸಾಲ ತೀರಿದೆ, ಋಣ ತೀರಿಲ್ಲ. ಲಾಂಚಿನ ಸಿಬ್ಬಂದಿ ನನ್ನ ಟ್ರೈಪಾಡಿಗೆ ಜೀಪು, ಬೈಕುಗಳ ನಡುವೆ ಎಷ್ಟು ಸಲ ಜಾಗ ಮಾಡಿಕೊಟ್ಟಿರೋ. 2019ರಲ್ಲಿ ಅರಳಗೋಡು ಭಾಗದಲ್ಲಿ ಮಂಗನ ಕಾಯಿಲೆ ಹೆಚ್ಚಿದ್ದಾಗ ನಾವು ಚಿತ್ರೀಕರಣ ನಿಲ್ಲಿಸಿದ್ದೆವು. ಮತ್ತೆ ಕಾಡಂಚಿಗೆ ಹೋಗುವಾಗ ಕೈಕಾಲಿಗೆ ಉಣುಗು ಕಚ್ಚದಂತೆ ತಡೆಯುವ ಡೇಪಾ ಎಣ್ಣೆ ಹಚ್ಚದೆ ಒಂದು ಹೆಜ್ಜೆ ಇಡಬಾರದು ಎಂದು ಬಾಗಿಲಲ್ಲಿ ನಿಂತು ನೋಡಿದ ಆಶಾ ಕಾರ್ಯಕರ್ತೆ, ನಿಮಗೂ.

ಕಣ್ಣಿನ ವಿಷಯ ಹಲವರಿಗೆ ಅರ್ಧಂಬರ್ಧ ಗೊತ್ತಿದೆ. ಸಂಕಲನದ ನಡುವೆ ಒಂದು ಬೆಳಿಗ್ಗೆ ಬಲಗಣ್ಣಿಗೆ ಪರದೆ ಇಳಿದ ಹಾಗಾಯಿತು. ರೆಟಿನಾ ಬಿಟ್ಟುಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ ಕಣ್ಣಿನೊಳಗೆ ಅನಿಲದ ಗುಳ್ಳೆ ಬಿಟ್ಟರು. ಅದು ರೆಟಿನಾವನ್ನು ಒತ್ತಿ ಹಿಡಿಯಬೇಕಾದರೆ ಮುಖ ಕೆಳಗೆ ಮಾಡಿಯೇ ಇರಬೇಕು, ಉಣ್ಣುವಾಗಲೂ, ಮಲಗುವಾಗಲೂ. ಜೀವನವಿಡೀ ನೋಡಿಯೇ ಬದುಕಿದವಳಿಗೆ ಎದುರಿಗೆ ದಿಂಬು ಬಿಟ್ಟು ಬೇರೇನೂ ಇಲ್ಲ. ಸಿನಿಮಾ ಇಲ್ಲಿಗೆ ನಿಂತಿತು ಎಂದುಕೊಂಡೆ. ನಿಜವಾಗಿ ಹೆದರಿದ್ದೆ.

ಆಗ ನನ್ನ ಸಂಕಲನಕಾರ ಹುಡುಗ ಶಿವಮೊಗ್ಗದಿಂದ ಬಂದು ಮಂಚದ ಪಕ್ಕ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತ. "ಅಕ್ಕ, ನೀವು ಕೇಳಿ, ನಾನು ನೋಡ್ತೀನಿ." ಒಂದೊಂದು ತುಣುಕನ್ನೂ ಹಾಕುತ್ತ, ಏನು ಕಾಣುತ್ತಿದೆ ಎಂದು ಹೇಳುತ್ತ ಹೋದ. ಪಕ್ಕದ ಮನೆಯ ಚಿಕ್ಕಮ್ಮ ಗಂಜಿ ತಂದವರು ಅಲ್ಲೇ ಉಳಿದು ಅವನನ್ನು ತಿದ್ದತೊಡಗಿದರು. ಅವನು ಮರ ಎಂದರೆ ಅದು ಯಾವ ಮರ ಎಂದು ಅವರು ಹೇಳುವರು. ಅವನು ಅಜ್ಜಿ ನಗುತ್ತಿದ್ದಾರೆ ಎಂದರೆ, "ಅದು ನಗುವಲ್ಲ ಕಣೋ, ಅಳು ತಡೀತಿದಾರೆ" ಎನ್ನುವರು. ನನ್ನ ಮಗಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಹೀಗೆ ಸಿನಿಮಾದ ಅರ್ಧ ಕಟ್ಟಣೆ ಕಿವಿಯಿಂದಲೇ ಆಯಿತು. ಮೊದಲ ಕೆಲವು ನಿಮಿಷ ತೆರೆ ಕಪ್ಪಾಗಿದ್ದು ಬರೀ ದನಿಗಳು ಬರುವುದು ಯಾಕೆ ಎಂದು ತುಮರಿಯಲ್ಲಿ ಕೇಳಿದಿರಲ್ಲ, ಆ ಭಾಗ ಸೇರಿದ್ದು ಆ ಕೋಣೆಯಲ್ಲಿ. ನಮ್ಮ ಧ್ವನಿಗ್ರಾಹಕ ಮಳೆಯ ನಡುವಿನ ಸಣ್ಣ ಸಣ್ಣ ಬಿಡುವಿನಲ್ಲಿ ಅಷ್ಟು ಎಚ್ಚರದಿಂದ ಮಾತು ಹಿಡಿದಿರದಿದ್ದರೆ ನನಗೆ ಕೇಳಲು ಏನೂ ಇರುತ್ತಿರಲಿಲ್ಲ. ಕಣ್ಣು ಬಹಳಮಟ್ಟಿಗೆ ಸುಧಾರಿಸಿದೆ. ನೇರ ಗೆರೆ ಬಲಗಣ್ಣಿಗೆ ತುಸು ಬಾಗಿ ಕಾಣುತ್ತದೆ, ಕೈಗೆ ಅಭ್ಯಾಸವಿದೆ, ಬರೆಯುತ್ತಿದ್ದೇನೆ. ಆಪರೇಷನ್ ಮಾಡಿದ ವೈದ್ಯರಿಗೂ, ತಡಮಾಡಬೇಡಿ ಎಂದು ಅದೇ ದಿನ ಕಾರು ಹತ್ತಿಸಿದ ಗೆಳತಿಗೂ ಕೈಮುಗಿಯುತ್ತೇನೆ. ಇದನ್ನು ಓದುವವರಲ್ಲಿ ಯಾರಿಗಾದರೂ ಕಣ್ಣಲ್ಲಿ ಹಠಾತ್ ಮಿಂಚು, ತೇಲುವ ಕಪ್ಪು ಚುಕ್ಕೆಗಳ ಮಳೆ, ಅಂಚಿನಿಂದ ನೆರಳು ಕಂಡರೆ ನಾಳೆ ನೋಡೋಣ ಅನ್ನಬೇಡಿ.

ನನ್ನೊಡನೆ ಜಗಳವಾಡಿದವರಿಗೂ ಧನ್ಯವಾದ ಹೇಳಬೇಕು. ಮೊದಲ ಕರಡನ್ನು ನೋಡಿದ ಒಬ್ಬ ಹಿರಿಯ ಹೋರಾಟಗಾರರು, "ನೀರು ಬಂದದ್ದರಿಂದ ಕಥೆ ಶುರು ಮಾಡ್ತೀಯಲ್ಲ, ಅದಕ್ಕೆ ಮುಂಚೆ ಇವರು ಯಾರ ಗದ್ದೆ ಉಳುತ್ತಿದ್ದರು ಕೇಳಿದ್ದೀಯಾ?" ಅಂದರು. 1951ರಲ್ಲಿ ಕಾಗೋಡಿನಲ್ಲಿ ದೀವರ ಗೇಣಿದಾರರು ಭತ್ತ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಎದ್ದು ನಿಂತದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಚರಿತ್ರೆಯಲ್ಲಿದೆ. ಅದಾಗಿ ಹದಿಮೂರು ವರ್ಷಕ್ಕೆ ಲಿಂಗನಮಕ್ಕಿಯ ನೀರು ಬಂತು. ದಾಖಲೆಯಲ್ಲಿ ಒಡೆಯನ ಹೆಸರಿದ್ದ ಕಡೆ ಉತ್ತ ಗೇಣಿದಾರನ ಕೈಗೆ ಪರಿಹಾರವಾಗಿ ಏನು ಬಂತು ಎಂದು ನಾನು ಮತ್ತೆ ಮನೆಮನೆಗೆ ಹೋಗಿ ಕೇಳಿದೆ. ಸಿನಿಮಾದ ಎರಡನೇ ಭಾಗ ಹಾಗೆ ಹುಟ್ಟಿತು. ನನ್ನ ಲೆಕ್ಕಕ್ಕೆ ಇಡೀ ಸಿನಿಮಾದಲ್ಲಿ ಗಟ್ಟಿಯಾದ ಭಾಗ ಅದೇ.

2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ಆಯಿತು. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು ಲಾಂಚಿಗೆ ಕಾಯುತ್ತ ದಡದಲ್ಲಿ ಕೂರಬೇಕಾಗಿಲ್ಲ ಈಗ. ಅದು ಸಣ್ಣ ಮಾತಲ್ಲ. ಆದರೆ 1964ರಿಂದ 2025 ಎಂದರೆ ಒಂದು ಪೂರಾ ಆಯುಷ್ಯ. ದಾಟಬೇಕಾಗಿದ್ದ ಎಷ್ಟೋ ಜನ ದಾಟದೆಯೇ ಹೋಗಿದ್ದಾರೆ. ಸಿನಿಮಾದ ಕೊನೆಗೆ ಸೇತುವೆಯನ್ನು ಹಾಕಿ ಸಂತೋಷದಿಂದ ಮುಗಿಸಿ ಎಂದು ಸಲಹೆ ಬಂದಿತ್ತು. ಸೇತುವೆ ಇದೆ, ಅದರ ಬೆನ್ನಿಗೇ ಹಕ್ಕುಪತ್ರದ ಅರ್ಜಿಗಳೂ ಇವೆ.

ತುಮರಿಯ ಆ ಸಂಜೆಗೆ ಪರದೆ ಕಟ್ಟಿದ ಯುವಕರೇ, ಕರೆಂಟು ಹೋದಾಗ ಜನರೇಟರ್ ತಂದ ಶಾಮಿಯಾನದ ಅಣ್ಣನೇ, ಅಷ್ಟೂ ಮಂದಿಗೆ ಅವಲಕ್ಕಿ, ಕಷಾಯ ಮಾಡಿದ ತಾಯಂದಿರೇ, ನಿಮ್ಮಿಂದ ಆಯಿತು. ತೆರೆಯ ಮೇಲೆ ಯಾರಾದರೂ ಬಂದೊಡನೆ ಕತ್ತಲಲ್ಲಿ "ಓ, ನಮ್ಮ ಅಜ್ಜ!" "ಅದು ಮಾವನ ಮನೆ ಕಣೇ!" ಎಂದು ಕೂಗಿದಿರಿ. ಒಬ್ಬಾಕೆ ಎದ್ದು ನಿಂತು ಆ ಜಾಗವನ್ನು ಇನ್ನೊಮ್ಮೆ ತೋರಿಸಿ ಅಂದರು. ಹಿಂದಕ್ಕೆ ಹೋಗಿ ಮತ್ತೆ ತೋರಿಸಿದೆವು. ಅವರ ತಾಯಿ ಹಿಂಬದಿಯಲ್ಲಿ ನೀರು ಹೊತ್ತು ಹೋಗುತ್ತಿದ್ದರು, ನಾನು ಅವರನ್ನು ಗುರುತಿಸಿರಲಿಲ್ಲ. ಈಗ ಆ ತಾಯಿಯ ಹೆಸರು ಕೊನೆಯ ಪಟ್ಟಿಯಲ್ಲಿ ಸೇರಿದೆ, ಮಗಳ ಒಪ್ಪಿಗೆ ಪಡೆದೇ.

ಕೊನೆಗೆ ಒಂದೆರಡು ವ್ಯವಹಾರದ ಮಾತು. ಸಿನಿಮಾದ ಪ್ರತಿಯನ್ನು ಹಿನ್ನೀರಿನ ಎರಡೂ ದಡದ ಶಾಲೆಗಳಿಗೆ ಕೊಡುತ್ತಿದ್ದೇನೆ, ಅದಕ್ಕೆ ದುಡ್ಡಿಲ್ಲ. ಯಾವ ಊರಿನವರು ಕರೆದರೂ ಬಂದು ತೋರಿಸುತ್ತೇವೆ, ಒಂದು ಬಿಳಿ ಪಂಚೆ ಮತ್ತು ಕರೆಂಟು ಇದ್ದರೆ ಸಾಕು. ಬಿಟ್ಟುಹೋದ ಹೆಸರು, ತಪ್ಪಾಗಿ ಬಂದ ಊರು ಯಾವುದಾದರೂ ಇದ್ದರೆ ಹೇಳಿ, ಸೇರಿಸುತ್ತೇನೆ. ಹಳೆಯ ಫೋಟೋ, ಪಹಣಿ, ಮದುವೆ ಕಾಗದ, ಪರಿಹಾರದ ರಸೀದಿ ಕೊಟ್ಟವರೆಲ್ಲರದ್ದೂ ಸ್ಕ್ಯಾನ್ ಆಗಿದೆ. ಒಂದೊಂದು ಕವರಿನ ಮೇಲೂ ಮನೆಯ ಹೆಸರು ಬರೆದಿಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಬಂದು ತೆಗೆದುಕೊಂಡು ಹೋಗಿ. ಬರಲಾಗದವರು ತಿಳಿಸಿದರೆ ನಾನೇ ತಂದುಕೊಡುತ್ತೇನೆ.